11 ಕೋಟಿಯ ಅರಮನೆ, 3,000 ಕೋಟಿಯ ರಸ್ತೆ

ಬೆಂಗಳೂರು ಅರಮನೆಯ ಜಾಗ ಮೊದಲು ಇದ್ದದ್ದು ರಾಜರ ಕೈಲಲ್ಲ, ಒಬ್ಬ ಮೇಷ್ಟ್ರ ಕೈಲಿ. ಸೆಂಟ್ರಲ್ ಹೈಸ್ಕೂಲಿನ ಪ್ರಿನ್ಸಿಪಾಲ್ ರೆವರೆಂಡ್ ಗ್ಯಾರೆಟ್ ಸಾಹೇಬರು. ಸಂಬಳಕ್ಕೆ ತಿಂಗಳುಗಟ್ಟಲೆ ಕಾಯುವ ನಮ್ಮ ಅತಿಥಿ ಉಪನ್ಯಾಸಕರಿಗೆ ದಯವಿಟ್ಟು ಇದನ್ನು ಹೇಳಬೇಡಿ. 1873ರಲ್ಲಿ ಬಾಲಕ ಚಾಮರಾಜೇಂದ್ರ ಒಡೆಯರಿಗೆಂದು ಬ್ರಿಟಿಷರು ಇದನ್ನು ಕೊಂಡರು, ಅದೂ ಆ ಹುಡುಗನ ದುಡ್ಡಿನಲ್ಲೇ. ದುಡ್ಡು ಒಬ್ಬರದು, ದರ್ಬಾರು ಇನ್ನೊಬ್ಬರದು. ಆಡಳಿತ ಅಂದ್ರೆ ಇದೇ ಅಲ್ವಾ?

ಅರಮನೆ ಮೈದಾನದ ಭಾಗ್ಯವೇ ಬೇರೆ. ಹಾಡೋಕೆ ವಿದೇಶದ ರಾಕ್ ಬ್ಯಾಂಡುಗಳು ಬಂದವು: 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ಉಳಿದ ದಿನ ಸಮಾವೇಶ, ಎಕ್ಸಿಬಿಷನ್, ಬೀಗರೂಟ. ಒಂದು ಮದುವೆಗೆ ಹೋಗಿದ್ದೆ. ಬಾಗಿಲಲ್ಲೇ ಪ್ಲೈವುಡ್ಡು, ಥರ್ಮೋಕೋಲಿನಲ್ಲಿ ಕಟ್ಟಿದ ಅರಮನೆ! ಬಂಗಾರದ ಬಣ್ಣ, ಎರಡು ಫೈಬರ್ ಆನೆ, ಒಂದರ ಸೊಂಡಿಲಿಗೆ ಸೆಲ್ಲೋಟೇಪ್. ಜನ ಸಾಲುಗಟ್ಟಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಸಲಿ ಅರಮನೆ ಅದೇ ಕಾಂಪೌಂಡಿನಲ್ಲಿ ಕತ್ತಲಲ್ಲಿ ನಿಂತಿತ್ತು, ಪಾಪ, ಅದಕ್ಕೆ ಲೈಟಿಂಗ್ ಬುಕ್ ಆಗಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ, ಪೇಪರಿನಲ್ಲಿ ನೀವೂ ಓದಿದ್ದೀರಿ. 1996ರಲ್ಲಿ ಅರಮನೆ, ಮೈದಾನ ಎಲ್ಲ ವಶಕ್ಕೆ ಪಡೆಯಲು ಸರ್ಕಾರ ಕಾಯ್ದೆ ಮಾಡಿ 472 ಎಕರೆಗೆ ಪರಿಹಾರ 11 ಕೋಟಿ ಅಂತ ಬರೆಯಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ ಕೂತಿತು. ಅಷ್ಟರಲ್ಲಿ ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆ ಅಗಲ ಮಾಡಬೇಕು ಅನ್ನಿಸಿತು. ಅದಕ್ಕೆ ಅರಮನೆ ಜಾಗದಲ್ಲಿ ಬೇಕಾದದ್ದು 15 ಎಕರೆ ಚಿಲ್ಲರೆ. ಕೊಡಬೇಕಾದ ಟಿಡಿಆರ್, ಅಂದ್ರೆ ಜಾಗಕ್ಕೆ ದುಡ್ಡಿನ ಬದಲು ಕೊಡುವ, ಬೇರೆಡೆ ಬಳಸಬಹುದಾದ, ಮಾರಬಹುದಾದ ಕಟ್ಟಡದ ಹಕ್ಕು, ಲೆಕ್ಕ ಹಾಕಿದರೆ 3,000 ಕೋಟಿ ದಾಟಿತು! ಇಡೀ ಸೊಪ್ಪಿನ ಗಾಡಿಗೆ ಹತ್ತು ರೂಪಾಯಿ, ಒಂದು ಕಟ್ಟು ಕೊತ್ತಂಬರಿಗೆ ಮೂರು ಸಾವಿರ. ಬೆಚ್ಚಿಬಿದ್ದ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದು, ಬೇಡ ಅನ್ನಿಸಿದರೆ ರಸ್ತೆಯನ್ನೇ ಕೈಬಿಡುವ ದಾರಿ ಮಾಡಿಕೊಂಡಿತು. ಎಂಥಾ ತಲೆ!

ರಾಜಮನೆತನದ ಮೇಲೆ ನನಗೆ ಸಿಟ್ಟಿಲ್ಲ. ತಮ್ಮದು ಅಂತ ನಂಬಿದ್ದನ್ನು ಅವರು ಕೇಳುತ್ತಾರೆ, ಕೇಳಲಿ. ಆದರೆ 1996ರಿಂದ ಎಷ್ಟು ಸರ್ಕಾರ ಬಂದು ಹೋದವು? ಮೂರು ಪಕ್ಷದವರೂ ಕುರ್ಚಿಯಲ್ಲಿ ಕೂತರು. ಇದು ಯಾರ ಜಾಗ, ಎಷ್ಟು ಬೆಲೆ ಅನ್ನೋದನ್ನು ಇತ್ಯರ್ಥ ಮಾಡಿಸಲು ಒಬ್ಬರಿಗೂ ಆಗಲಿಲ್ಲ. ಅದೇ ಮೂವತ್ತು-ನಲವತ್ತರ ಸೈಟಿನವನ ಗೋಡೆಗೆ ರಸ್ತೆ ಅಗಲೀಕರಣದ ಕೆಂಪು ಗುರುತು ಬೀಳಲಿ, ಸುಗ್ರೀವಾಜ್ಞೆ ಬಿಡಿ, ಮನೆ ಖಾಲಿ ಮಾಡಲು ನಾಲ್ಕು ದಿನ ಜಾಸ್ತಿ ಕೇಳಿದರೂ ಆಫೀಸಿನಲ್ಲಿ ಉತ್ತರ ಕೊಡುವವರಿಲ್ಲ.