ಚಾಕು ನನ್ನದು, ಕಡ್ಡಿ ಷಡ್ಡಕರದು

ಚಾಕು ಕೊಡಿ ಅಂತ ಇಸ್ಕೊಂಡವರು ಅದರಲ್ಲಿ ಏನನ್ನಾದರೂ ಕೊಯ್ದಿದ್ದನ್ನು ನಾನಂತೂ ನೋಡಿಲ್ಲ. ಜ್ಯೂರಿಕ್‌ನಲ್ಲಿರುವ ಚಿಕ್ಕಪ್ಪನ ಮಗ ತಂದುಕೊಟ್ಟ ಕೆಂಪು ಸ್ವಿಸ್ ಚಾಕು ನನ್ನ ಹತ್ತಿರ ಇದೆ. ಅದರ ಅಲಗು ಇವತ್ತಿಗೂ ಹೊಚ್ಚ ಹೊಸದು. ಸವೆದಿರೋದೆಲ್ಲ ಅಲಗಿನ ನೆಂಟರಿಷ್ಟರು. ಪಕ್ಕದ ಮನೆಯವರಿಗೆ ಸ್ಕ್ರೂಡ್ರೈವರ್ ಬೇಕು, ಮಗಳಿಗೆ ಬೆಲ್ಟಿಗೆ ಇನ್ನೊಂದು ತೂತು ಹೊಡೆಯೋಕೆ ದಬ್ಬಳ ಬೇಕು, ಹೆಂಡತಿಗೆ ಹಾಲಿನ ಪ್ಯಾಕೆಟ್ಟಿಗೆ ಕತ್ತರಿ ಬೇಕು. ತಗೊಳ್ಳಲಿ, ಬೇಜಾರಿಲ್ಲ. ಆದರೆ ನನ್ನ ಷಡ್ಡಕರಿಗೆ ಬೇಕಾಗಿರೋದು ಹಲ್ಲುಕಡ್ಡಿ.

ಈ ಚಾಕು ಇಟ್ಟುಕೊಂಡವರಿಗೆ ಗೊತ್ತಿರುತ್ತದೆ. ಕೆಂಪು ಹಿಡಿಯ ಮೂಲೆಯಲ್ಲಿ ದಂತದ ಬಣ್ಣದ ಒಂದು ಪ್ಲಾಸ್ಟಿಕ್ ಕಡ್ಡಿ ಅಡಗಿ ಕೂತಿರುತ್ತದೆ. ಉಗುರಲ್ಲಿ ಮೀಟಿ ಎಳೆದರೆ ಸುಯ್ ಅಂತ ಬರುತ್ತದೆ. ಮೊನ್ನೆ ಭಾನುವಾರ ಮನೆಯಲ್ಲಿ ಸೀಕರಣೆ, ನಾಟಿ ಮಾವಿನದು, ನಾರೋ ನಾರು. ಊಟ ಮುಗಿಸಿ ಕುರ್ಚಿಗೆ ಒರಗಿದ ಷಡ್ಡಕರು ಆಪರೇಷನ್ ಥಿಯೇಟರಿನ ದೊಡ್ಡ ಡಾಕ್ಟರ ಹಾಗೆ ಮುಖ ಕೂಡ ತಿರುಗಿಸದೆ ಕೈ ಮುಂದೆ ಚಾಚಿದರು. ನಾನು ಕೊಡುವ ಮೊದಲೇ ನನ್ನ ಹೆಂಡತಿ ಷೆಲ್ಫಿಂದ ತೆಗೆದು ಕೊಟ್ಟಾಗಿತ್ತು. ಭಾವನವರು ನೋಡಿ, ಇಲ್ಲ ಅನ್ನೋಕಾಗುತ್ತಾ?

ಅವರದ್ದು ಗಡಿಬಿಡಿ ಇಲ್ಲ. ಎಡಗಡೆ ದವಡೆಯಿಂದ ಶುರು, ಒಂದೊಂದು ಸಂದಿಯನ್ನೂ ವಿಚಾರಿಸಿಕೊಂಡು ಮುಂದಿನ ಹಲ್ಲುಗಳವರೆಗೆ ಬರುತ್ತಾರೆ, ಮಧ್ಯೆ ಮಧ್ಯೆ ರಾಜಕೀಯದ ಬಗ್ಗೆ ಒಂದು ಮಾತು, ಆ ಮಾತು ಮುಗಿಯುವವರೆಗೂ ಕಡ್ಡಿ ಗಾಳಿಯಲ್ಲಿ ಆಡುತ್ತಿರುತ್ತದೆ, ನಮ್ಮ ಕಣ್ಣು ಕಡ್ಡಿಯ ತುದಿಯಲ್ಲೇ ಇರುತ್ತದೆ. "ಹ್ಞಾ, ಸಿಕ್ತು" ಅಂತಾರೆ. ಸಿಕ್ಕಿದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡ್ತಾರೆ. ಪಂಚೆಯ ಅಂಚಿಗೆ ಒಂದು ಸಲ ಒರೆಸ್ತಾರೆ. ಆಮೇಲೆ, ಇದೇ ನೋಡಿ ನನಗೆ ತಡೆಯಲಾಗದ್ದು, ಕಡ್ಡಿಯನ್ನು ಅದರ ಗೂಡಿಗೆ ಪೂರ್ತಿ ಒತ್ತಿ, "ಸ್ವಿಸ್ ಅಂದ್ರೆ ಸ್ವಿಸ್ಸೇ ಕಣ್ರೀ" ಅಂತ ಚಾಕು ವಾಪಸ್ ಕೊಡ್ತಾರೆ. ಕಡ್ಡಿಯನ್ನಾದರೆ ಸೋಪು ಹಾಕಿ ತೊಳೆಯಬಹುದು. ಆ ಗೂಡನ್ನು ಹೇಗೆ ತೊಳೆಯೋದು? ಅದರೊಳಗೆ ಹೋಗುವಂಥದ್ದು ಜಗತ್ತಿನಲ್ಲಿ ಇರೋದು ಆ ಕಡ್ಡಿ ಒಂದೇ.

ಇದನ್ನೆಲ್ಲ ಯಾರಿಗೋಸ್ಕರ ಮಾಡಿದರು ಅಂತ ಯೋಚಿಸಿದರೆ ನಗು ಬರುತ್ತದೆ. 1891ರಲ್ಲಿ ಕಾರ್ಲ್ ಎಲ್ಸೆನರ್ ಸ್ವಿಸ್ ಸೈನಿಕರಿಗೆ ಚಾಕು ಒದಗಿಸಲು ಶುರು ಮಾಡಿದಾಗ ಸ್ಕ್ರೂಡ್ರೈವರ್ ಇದ್ದದ್ದು ಬಂದೂಕು ಬಿಚ್ಚೋದಕ್ಕೆ. 1897ರಲ್ಲಿ ಆಫೀಸರುಗಳ ಚಾಕು ಬಂತು, ಅದಕ್ಕೆ ಬಿರಡೆ ತೆಗೆಯುವ ತಿರುಪು ಸೇರಿತು. ನಮ್ಮ ಮನೆಗೆ ವೈನ್ ಬಾಟಲಿ ಬಂದಿಲ್ಲ. ಆ ತಿರುಪಿನಿಂದ ಅಮ್ಮ ಅಕ್ಕಿ ಮೂಟೆಯ ಬಿಗಿ ಗಂಟು ಬಿಡಿಸ್ತಾರೆ, ಮತ್ತು ನಿಜ ಹೇಳಬೇಕಂದ್ರೆ ಆ ಕೆಲಸಕ್ಕೆ ಅದನ್ನು ಮೀರಿಸಿದ್ದಿಲ್ಲ. ಇನ್ನೊಂದು ಕೊಕ್ಕೆ ಇದೆ, ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ. ದಾರ ಕಟ್ಟಿದ ಪಾರ್ಸೆಲ್ಲು ಬೆರಳಿಗೆ ಕೊರೆಯದ ಹಾಗೆ ಹಿಡಿದುಕೊಳ್ಳೋಕೆ ಅದು. 90 ಕಿಲೋ ತೂಕ ತಡೆಯುತ್ತದಂತೆ. ಷಡ್ಡಕರ ತೂಕವೂ ಹೆಚ್ಚುಕಡಿಮೆ ಅಷ್ಟೇ. ಆ ಲೆಕ್ಕ ನನ್ನ ತಲೆಯಲ್ಲಿ ಬಂದುಹೋಗಿದೆ, ಇಲ್ಲ ಅನ್ನಲ್ಲ.

ಅಮೆರಿಕದ ದನಗಾಹಿಗಳ ಸ್ಟಾಕ್‌ಮನ್ ಚಾಕು ಇದಕ್ಕಿಂತ ವಾಸಿ. ಮೂರು ಅಲಗು, ಅದರಲ್ಲೊಂದು ಸ್ಪೇ. ಕರು ಒದ್ದಾಡಿದರೆ ಚುಚ್ಚದಿರಲಿ ಅಂತ ಅದರ ತುದಿಯನ್ನು ಮೊಂಡಾಗಿ ಮಾಡಿರುತ್ತಾರೆ, ಕೆಲಸ ಏನಂದ್ರೆ ಹೋರಿಗರುಗಳ ಬೀಜ ತೆಗೆಯೋದು. ಇಂಥ ಚಾಕು ಇಟ್ಟುಕೊಂಡು, ಬಂದವರಿಗೆಲ್ಲ ಸುಮ್ನೆ ಒಂದು ಸಲ ಆ ಅಲಗಿನ ಕಥೆ ಹೇಳಿಬಿಟ್ಟರೆ ಸಾಕು. ಯಾರೂ ಕೇಳಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನವರು 1851ರ ವಸ್ತುಪ್ರದರ್ಶನಕ್ಕೆ ಅಂತ 75 ಅಲಗಿನ ಒಂದು ಚಾಕು ಮಾಡಿದ್ದರು. ನಮ್ಮ ಮನೆಯಲ್ಲಿದ್ದಿದ್ದರೆ ಟೋಕನ್ ಕೊಡಬೇಕಾಗುತ್ತಿತ್ತು.

ನಮ್ಮ ತಾತನ ಹತ್ತಿರವೂ ಇಂಥದ್ದೇ ಒಂದು ಇತ್ತು. ಹಿತ್ತಾಳೆಯ ಸುಣ್ಣದ ಡಬ್ಬಿ, ಅದಕ್ಕೊಂದು ಸರಪಳಿ, ಸರಪಳಿಯಲ್ಲಿ ಹಲ್ಲಿಗೊಂದು ಕಡ್ಡಿ, ಕಿವಿಗೊಂದು ಪುಟ್ಟ ಸೌಟು, ಮುಳ್ಳು ಕೀಳೋಕೆ ಚಿಮಟ. ಗದ್ದೆಯಿಂದ ಕುಂಟುತ್ತಾ ಬಂದವರಿಗೆಲ್ಲ ಚಿಮಟ ಕೊಡುತ್ತಿದ್ದರು, ಕೆಲವರ ಕಾಲನ್ನು ತಮ್ಮ ತೊಡೆ ಮೇಲೇ ಇಟ್ಟುಕೊಂಡು ತಾವೇ ಕೀಳುತ್ತಿದ್ದರು. ಆದರೆ ಉಳಿದೆರಡನ್ನು ಯಾರೂ ಕೇಳುತ್ತಿರಲಿಲ್ಲ, ಅವರು ಬೇಡ ಅಂದದ್ದೂ ನೆನಪಿಲ್ಲ. ಕೇಳಬಾರದು ಅಂತ ಊರಿಗೇ ಗೊತ್ತಿತ್ತು. ತಾತ ಹೋದ ಮೇಲೆ ಆ ಡಬ್ಬಿ ಎಲ್ಲಿ ಹೋಯಿತೋ, ಹಳೇ ಪಾತ್ರೆಗಳ ಜೊತೆ ತೂಕಕ್ಕೆ ಹೋಯಿತು ಅಂತ ದೊಡ್ಡಮ್ಮ ಒಂದು ಸಲ ಅಂದಿದ್ದರು.

ಈಗ ಷಡ್ಡಕರು ಯುರೋಪ್ ಟೂರ್ ಹೊರಟಿದ್ದಾರೆ, ಸ್ವಿಟ್ಜರ್‌ಲ್ಯಾಂಡೂ ಇದೆ. ಏನು ತರಲಿ ಅಂತ ಫೋನ್ ಮಾಡಿದ್ದರು. ಈ ಕಡ್ಡಿ ಬಿಡಿಯಾಗಿಯೂ ಸಿಗುತ್ತದೆ, ಧೈರ್ಯ ಮಾಡಿ ಹೇಳಿಯೇಬಿಟ್ಟೆ: "ಚಾಕುವಿಗೆ ಒಂದು ಹೊಸ ಹಲ್ಲುಕಡ್ಡಿ ತನ್ನಿ."

"ಅಯ್ಯೋ, ಯಾಕ್ರೀ ಸುಮ್ನೆ ದುಡ್ಡು ದಂಡ? ಇರೋದು ಚೆನ್ನಾಗೇ ಇದೆಯಲ್ಲ, ನಾನೇ ಬಳಸ್ತಿದೀನಿ" ಅಂದರು.