ಭೇದಿಗೆ ಮದ್ದು ಕೇಳೋ ಮೊದಲು ಮರಿಗೆ ಎಷ್ಟು ದಿನ ಅಂತ ಹೇಳಿ

ಜನವರಿಯಿಂದ ಏಪ್ರಿಲ್‌ವರೆಗೆ ನಮ್ಮ ಕಡೆ ಸ್ಟಡ್ ಫಾರ್ಮ್‌ಗಳಲ್ಲಿ ಕುದುರೆಗಳು ಮರಿ ಹಾಕುವ ಕಾಲ. ಈ ತಿಂಗಳುಗಳಲ್ಲಿ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. "ಡಾಕ್ಟ್ರೇ, ಮರಿಗೆ ಭೇದಿ. ನಿಲ್ಲೋಕೆ ಏನಾದ್ರೂ ಹೇಳಿ." ಮರಿಗೆ ಎಷ್ಟು ದಿನ ಅಂತ ನಾನು ಕೇಳಿದರೆ ಆ ಕಡೆಯವರಿಗೆ ಬೇಜಾರು. ಔಷಧಿ ಹೆಸರು ಕೇಳಿದರೆ ಡಾಕ್ಟ್ರು ಜಾತಕ ಕೇಳ್ತಾರೆ ಅಂತ ಒಬ್ಬರು ಅಂದಿದ್ದೂ ಉಂಟು. ಆದರೆ ಕುದುರೆ ಮರಿಯ ಭೇದಿಯಲ್ಲಿ ವಯಸ್ಸು ಗೊತ್ತಾದರೆ ಅರ್ಧ ರೋಗ ಗೊತ್ತಾದ ಹಾಗೆ.

ಐದಾರು ದಿನದಿಂದ ಎರಡು ವಾರದೊಳಗಿನ ಮರಿ, ಲದ್ದಿ ತೆಳ್ಳಗಾಗಿದೆ, ಆದರೂ ಜಿಗಿದಾಡುತ್ತಿದೆ, ಹಾಲು ಕುಡಿಯುತ್ತಿದೆ, ಜ್ವರ ಇಲ್ಲ. ಇಂಥ ಮರಿಗೆ ನಾನು ಯಾವ ಮದ್ದನ್ನೂ ಬರೆಯುವುದಿಲ್ಲ. ಮೂರ್ನಾಲ್ಕು ದಿನದಲ್ಲಿ ತಾನಾಗಿ ಸರಿಹೋಗುತ್ತದೆ. ತಾಯಿ ಕುದುರೆ ಈದ ಮೇಲೆ 7ರಿಂದ 12ನೇ ದಿನದ ಹೊತ್ತಿಗೆ ಮತ್ತೆ ಬೆದೆಗೆ ಬರುತ್ತದೆ. ಎರಡೂ ಒಂದೇ ಹೊತ್ತಿಗೆ ಬರುವುದರಿಂದ "ತಾಯಿಗೆ ಬೆದೆ ಬಂದು ಹಾಲು ಕೆಟ್ಟಿದೆ" ಅನ್ನುವ ನಂಬಿಕೆ ಕುದುರೆ ಸಾಕುವವರಲ್ಲಿ ಎಲ್ಲ ಕಡೆಯೂ ಇದೆ. ಹಾಲು ಕೆಟ್ಟಿರುವುದಿಲ್ಲ. ತಾಯಿ ಸತ್ತು, ಬಾಟಲಿ ಹಾಲಿನಲ್ಲಿ ಬೆಳೆಯುವ ತಬ್ಬಲಿ ಮರಿಗೂ ಇದೇ ವಯಸ್ಸಿನಲ್ಲಿ ಭೇದಿ ಆಗುತ್ತದಲ್ಲ, ಅದಕ್ಕೆ ಯಾರ ಬೆದೆ ಕಾರಣ? ಮರಿಯ ಕರುಳು ಬಲಿಯುತ್ತಿದೆ, ಅದರೊಳಗೆ ಹೊಸ ಬ್ಯಾಕ್ಟೀರಿಯಾಗಳು ನೆಲೆಯೂರುತ್ತಿವೆ, ಅಷ್ಟೇ. ಈ ವಯಸ್ಸಿನ ಮರಿ ತಾಯಿಯ ಲದ್ದಿ ತಿನ್ನುವುದನ್ನು ನೋಡಿ ಕೆಲವರು ಹೊಡೆದು ಓಡಿಸುತ್ತಾರೆ. ದಯವಿಟ್ಟು ಬೇಡ. ಅದು ಎಲ್ಲ ಮರಿಗಳೂ ಮಾಡುವ ಕೆಲಸ.

ಇದೇ ಭೇದಿ ಹುಟ್ಟಿದ ಮೊದಲ ಮೂರ್ನಾಲ್ಕು ದಿನದಲ್ಲೇ ಬಂದರೆ ಮಾತು ಬೇರೆ. ಅದರಲ್ಲೂ ರಕ್ತ ಬೆರೆತಿದ್ದರೆ, ಹೊಟ್ಟೆ ಉಬ್ಬಿದ್ದರೆ, ಮರಿ ಅಂಗಾತ ಮಲಗಿ ಒದ್ದಾಡುತ್ತಿದ್ದರೆ ಫೋನಿನಲ್ಲಿ ನನ್ನ ಜೊತೆ ಮಾತಾಡುತ್ತಾ ಕೂರಬೇಡಿ, ಗಾಡಿ ಹುಡುಕಿ. ಕ್ಲಾಸ್ಟ್ರೀಡಿಯಂ ಜಾತಿಯ ಬ್ಯಾಕ್ಟೀರಿಯಾದ ವಿಷ ಕರುಳಿನ ಒಳಪದರವನ್ನೇ ಕೊಲ್ಲುತ್ತದೆ. ಬೆಳಿಗ್ಗೆ ಆಡುತ್ತಿದ್ದ ಮರಿ ಸಂಜೆಗೆ ಇರುವುದಿಲ್ಲ. ಸಾಲ್ಮೊನೆಲ್ಲಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಕರುಳಿನಲ್ಲಿ ನಿಲ್ಲದೆ ರಕ್ತಕ್ಕೆ ಇಳಿಯುತ್ತದೆ, ಮುಂದೆ ಕೀಲುಗಳಲ್ಲಿ ಕೀವು ಕೂರುತ್ತದೆ. ಅದು ಮನುಷ್ಯರಿಗೂ ಅಂಟುತ್ತದೆ ಅನ್ನುವುದು ಲಾಯದಲ್ಲಿ ಓಡಾಡುವ ಮಕ್ಕಳಿರುವ ಮನೆಯವರಿಗೆ ಗೊತ್ತಿರಲಿ. ಇನ್ನು ನಾಲ್ಕರಿಂದ ಏಳು ತಿಂಗಳ ಮರಿ, ಹಾಲು ಬಿಡಿಸಿದ ಆಸುಪಾಸು, ಸೊರಗಿ, ಗದ್ದದ ಕೆಳಗೆ ನೀರು ತುಂಬಿದಂತೆ ಊದಿಕೊಂಡಿದ್ದರೆ ನನಗೆ ಲಾಸೋನಿಯಾ ಅನ್ನುವ ಬ್ಯಾಕ್ಟೀರಿಯಾದ ಮೇಲೆ ಅನುಮಾನ. ಇದರಲ್ಲಿ ಕೆಲವು ಮರಿಗಳಿಗೆ ಭೇದಿ ಆಗುವುದೇ ಇಲ್ಲ.

ನನ್ನ ತಕರಾರು ಇರುವುದು "ನಿಲ್ಲೋಕೆ ಏನಾದ್ರೂ" ಅನ್ನುವ ಬೇಡಿಕೆಯ ಮೇಲೆ. ಮನುಷ್ಯರ ಮೆಡಿಕಲ್ ಶಾಪಿನಿಂದ ಲೋಪೆರಮೈಡ್ ಮಾತ್ರೆ ತಂದು ಪುಡಿ ಮಾಡಿ ಹಾಕುತ್ತಾರೆ. ಕರುಳಿನ ಚಲನೆ ನಿಲ್ಲುತ್ತದೆ, ಹೊರಗೆ ಹೋಗಬೇಕಾದ ವಿಷ ಒಳಗೇ ಕೂರುತ್ತದೆ, ಹೊಟ್ಟೆ ಉಬ್ಬುತ್ತದೆ. ಬಾಲ ಒಣಗಿದ್ದು ನೋಡಿ ಮಾಲೀಕರಿಗೆ ಸಮಾಧಾನ. ಆ್ಯಂಟಿಬಯಾಟಿಕ್ ಕಥೆಯೂ ಅಷ್ಟೇ. ಹದಿನೈದು ದಿನದ ಗಟ್ಟಿಮುಟ್ಟಾದ ಮರಿಗೆ ಸುಮ್ಮನೆ ಹಾಕಿದರೆ ಇರುವ ಒಳ್ಳೆಯ ಬ್ಯಾಕ್ಟೀರಿಯಾವೂ ಹೋಗಿ ಭೇದಿ ಇನ್ನಷ್ಟು ಕೆಡಬಹುದು. ಆದರೆ ಎಳೆಯ ಮರಿಗೆ, ಜ್ವರ ಇದ್ದು ಮಂಕಾಗಿದ್ದರೆ, ನಾನೇ ಮೊದಲ ಗಂಟೆಯಲ್ಲಿ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಶುರುಮಾಡುತ್ತೇನೆ. ಭೇದಿಯಿಂದ ಆಸ್ಪತ್ರೆ ಸೇರಿದ ಎಳೆ ಮರಿಗಳ ಬಗ್ಗೆ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಮರಿಗಳ ರಕ್ತದಲ್ಲೇ ಬ್ಯಾಕ್ಟೀರಿಯಾ ಸಿಕ್ಕಿತ್ತು. ಹಾಗಾಗಿ "ಆ್ಯಂಟಿಬಯಾಟಿಕ್ ಒಳ್ಳೇದಾ ಕೆಟ್ಟದ್ದಾ" ಅಂತ ಕೇಳಿದರೆ ಮರಿ ನೋಡದೆ ನಾನು ಉತ್ತರ ಹೇಳಲಾರೆ.

ಹೊಟ್ಟೆಹುಣ್ಣು ಆಗದಿರಲಿ ಅಂತ ಒಮೆಪ್ರಜೋಲ್ ಕೊಡುವ ಚಾಳಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೊಟ್ಟೆಯ ಆಮ್ಲ ಮರಿಗೆ ಕಾವಲು ಇದ್ದಂತೆ. ತೀವ್ರ ನಿಗಾ ಘಟಕದಲ್ಲಿದ್ದ ನವಜಾತ ಮರಿಗಳಲ್ಲಿ ಆಮ್ಲ ತಗ್ಗಿಸುವ ಔಷಧಿ ಪಡೆದವಕ್ಕೆ ಭೇದಿಯ ಸಾಧ್ಯತೆ ಹೆಚ್ಚಾಗಿತ್ತೆಂದು 2012ರಲ್ಲೇ ವರದಿಯಾಗಿದೆ. ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪ್ರೋಬಯಾಟಿಕ್ ಪುಡಿ ಕೊಟ್ಟರೆ ಏನೂ ನಷ್ಟವಿಲ್ಲ ಅನ್ನುವವರಿಗೆ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದ ಪ್ರಯೋಗ ನೆನಪಿಸುತ್ತೇನೆ. ಭೇದಿ ತಡೆಯಲೆಂದು ಲ್ಯಾಕ್ಟೋಬ್ಯಾಸಿಲಸ್ ಕೊಟ್ಟ ಮರಿಗಳಿಗೇ ಭೇದಿ ಜಾಸ್ತಿ ಆಯಿತು. ಡಬ್ಬಿಯ ಮೇಲೆ ಕುದುರೆ ಚಿತ್ರ ಇದ್ದ ಮಾತ್ರಕ್ಕೆ ಅದು ಮರಿಗೆ ಒಗ್ಗುತ್ತದೆ ಅಂತೇನಿಲ್ಲ.

ಹಾಗಾದರೆ ಮಾಡುವುದೇನು? ನೀರು, ಹಾಲು, ಕಾವಲು.

ಹಾಲಿನ ವಿಷಯದಲ್ಲಿ ನಮ್ಮವರು ಕರುವಿಗೆ ಮಾಡಿದ್ದನ್ನೇ ಮರಿಗೂ ಮಾಡಲು ಹೋಗುತ್ತಾರೆ. ಕರುವಿಗೆ ಭೇದಿಯಾದರೆ ತಾಯಿಯಿಂದ ದೂರ ಕಟ್ಟಿ ಎರಡು ಹೊತ್ತು ಹಾಲು ತಪ್ಪಿಸುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಕರುವಿಗೇ ಅದು ಒಳ್ಳೆಯದಲ್ಲ, ಕುದುರೆ ಮರಿಗಂತೂ ಅಪಾಯ. ಮೊದಲ ವಾರದ ಮರಿ ಗಂಟೆಗೆ ಐದಾರು ಸಲ ಕೆಚ್ಚಲಿಗೆ ಬಾಯಿ ಹಾಕುತ್ತದೆ. 50 ಕಿಲೋ ತೂಗುವ ಮರಿ ದಿನಕ್ಕೆ 10-12 ಲೀಟರ್ ಹಾಲು ಕುಡಿಯುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬು ತೀರಾ ಕಡಿಮೆ. ಕೆಲವೇ ಗಂಟೆ ಹಾಲು ತಪ್ಪಿದರೂ ರಕ್ತದ ಸಕ್ಕರೆ ಇಳಿದು ಮರಿ ಕುಸಿಯುತ್ತದೆ. ಹೊಟ್ಟೆ ತೀರಾ ಉಬ್ಬಿದಾಗ ಆಸ್ಪತ್ರೆಯಲ್ಲಿ ಹಾಲು ನಿಲ್ಲಿಸುವುದುಂಟು, ಆದರೆ ಆಗ ನರದ ಮೂಲಕ ಗ್ಲೂಕೋಸು, ಪೋಷಕಾಂಶ ಹೋಗುತ್ತಿರುತ್ತದೆ. ಮನೆಯಲ್ಲಿ ಅದು ಆಗುವ ಕೆಲಸವಲ್ಲ.

ಕುಡಿಯುವ ಶಕ್ತಿಯಿರುವ ಮರಿಗೆ ಒಂದು ಬಕೆಟ್‌ನಲ್ಲಿ ಎಲೆಕ್ಟ್ರೋಲೈಟ್ ನೀರು, ಪಕ್ಕದಲ್ಲೇ ಇನ್ನೊಂದರಲ್ಲಿ ಬರೀ ನೀರು ಇಡಿ. ಯಾವುದು ಬೇಕೋ ಅದೇ ಆರಿಸಿಕೊಳ್ಳಲಿ. ಬಾಯಿ ಕಳೆದು ಗೊಟ್ಟದಲ್ಲಿ ಹೊಯ್ಯಬೇಡಿ. ನಿತ್ರಾಣದ ಮರಿಗೆ ಹೊಯ್ದದ್ದು ಶ್ವಾಸಕೋಶಕ್ಕೆ ಇಳಿದು, ಭೇದಿಯಿಂದ ಬದುಕಿದ ಮರಿ ನ್ಯುಮೋನಿಯಾದಲ್ಲಿ ಹೋಗುತ್ತದೆ. ಒಸಡು ಒಣಗಿ ಅಂಟಂಟಾಗಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಕಿವಿ ಕಾಲು ತಣ್ಣಗಿದ್ದರೆ ಬಕೆಟ್ಟಿನ ಕಾಲ ಮುಗಿಯಿತು, ಡ್ರಿಪ್ಪೇ ಬೇಕು. ಹಿಂಭಾಗವನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿ, ವ್ಯಾಸಲೀನ್ ಹಚ್ಚಿ. ಇಲ್ಲದಿದ್ದರೆ ಚರ್ಮ ಸುಟ್ಟಂತಾಗಿ ಕೂದಲುದುರುತ್ತದೆ, ನಮ್ಮ ಬೇಸಿಗೆಯಲ್ಲಿ ನೊಣ ಮುತ್ತುತ್ತವೆ.

ಕಾವಲಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಮರಿಯ ಕಾಯಿಲೆಯನ್ನು ಮೊದಲು ಹೇಳುವುದು ತಾಯಿಯ ಕೆಚ್ಚಲು. ಮರಿ ಸರಿಯಾಗಿ ಕುಡಿಯುತ್ತಿದ್ದರೆ ಕೆಚ್ಚಲು ಸಡಿಲ. ಬೆಳಿಗ್ಗೆ ನೋಡಿದಾಗ ಬಿಗಿದುಕೊಂಡಿದೆ, ಹಾಲು ತೊಟ್ಟಿಕ್ಕುತ್ತಿದೆ ಅಂದರೆ ರಾತ್ರಿಯೆಲ್ಲ ಮರಿ ಕುಡಿದಿಲ್ಲ. ಇನ್ನೊಂದು ಗುರುತು ಮರಿಯ ಹಣೆ. ಕೆಚ್ಚಲ ಕೆಳಗೆ ನಿಲ್ಲುತ್ತದೆ, ಬಾಯಿ ಹಾಕುವುದಿಲ್ಲ, ಸೋರಿದ ಹಾಲು ಹಣೆ ಮೂಗಿನ ಮೇಲೆ ಬಿದ್ದು ಒಣಗಿರುತ್ತದೆ. ದೂರದಿಂದ ನೋಡಿದವರಿಗೆ ಕುಡಿದು ಮುಖ ಒದ್ದೆ ಮಾಡಿಕೊಂಡಂತೆ ಕಾಣುತ್ತದೆ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಕುಣಿಗಲ್ ಸೀಮೆಯ ಹಳೆಯ ಸೈಸ್‌ಗಳಿಗೆ (ಕುದುರೆ ನೋಡಿಕೊಳ್ಳುವ ಆಳುಗಳಿಗೆ) ಇದನ್ನು ನಾನು ಹೇಳಿಕೊಡಬೇಕಿಲ್ಲ, ಎಷ್ಟೋ ಸಲ ಅವರೇ ನನಗೆ ತೋರಿಸಿದ್ದಾರೆ. ಆದರೆ ಬಹಳ ಕಡೆ ಥರ್ಮಾಮೀಟರ್ ಇರುವುದು ಆಫೀಸಿನ ಬೀರುವಿನಲ್ಲಿ, ಬೀಗದ ಕೈ ಮ್ಯಾನೇಜರ್ ಹತ್ತಿರ. ರಾತ್ರಿ ಎರಡು ಗಂಟೆಗೆ ಮರಿ ಮಂಕಾದದ್ದು ಕಂಡವನು ಸೈಸು, ಸಾಹೇಬರನ್ನು ಎಬ್ಬಿಸುವುದೋ ಬೇಡವೋ ಅಂತ ಬೆಳಗಾಗುವವರೆಗೆ ಕಾಯುವವನೂ ಅವನೇ. ಥರ್ಮಾಮೀಟರೂ ಡಾಕ್ಟರ ನಂಬರೂ ಸೈಸಿನ ಜೇಬಿನಲ್ಲಿರಬೇಕು, ಯಾರನ್ನೂ ಕೇಳದೆ ಫೋನ್ ಮಾಡುವ ಅಧಿಕಾರವೂ ಇರಬೇಕು. ಮರಿಯ ಮೈಬಿಸಿ 99ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಒಳಗಿದ್ದರೆ ಸರಿ. 102 ದಾಟಿದರೆ ಫೋನ್ ಮಾಡಲಿ. 99ಕ್ಕಿಂತ ಇಳಿದು ತಣ್ಣಗಾದರೆ ಇನ್ನೂ ಬೇಗ ಮಾಡಲಿ.

ಒಂದು ಮರಿಯಿಂದ ನಾಲ್ಕಕ್ಕೆ, ನಾಲ್ಕರಿಂದ ಇಡೀ ಲಾಯಕ್ಕೆ ಹರಡಿತೆಂದರೆ ಸಾಮಾನ್ಯವಾಗಿ ಅದು ರೋಟಾವೈರಸ್. ಕರುಳಿನೊಳಗೆ ಹಾಲು ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ಇರುವ ತುದಿಗಳನ್ನೇ ಅದು ಕಡಿದುಹಾಕುತ್ತದೆ, ಅರಗದ ಹಾಲು ನೀರನ್ನು ಎಳೆದುಕೊಂಡು ಹೊರಗೆ ಸುರಿಯುತ್ತದೆ. ಈ ವೈರಸ್ ಲಾಯದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಲದ್ದಿಯ ಮೇಲೆಯೇ ಬ್ಲೀಚಿಂಗ್ ಪೌಡರ್ ಚೆಲ್ಲಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ಮಾಮೂಲು. ಲದ್ದಿ ಮಣ್ಣು ತಾಗಿದೊಡನೆ ಅದರ ಶಕ್ತಿ ಹೋಗುತ್ತದೆ. ಮೊದಲು ಗುಡಿಸಿ, ಸೋಪಿನಲ್ಲಿ ಉಜ್ಜಿ ತೊಳೆದು, ಒಣಗಿಸಿ, ಆಮೇಲೆ ಸೋಂಕುನಿವಾರಕ. ಆರೋಗ್ಯವಾಗಿರುವ ಮರಿಗಳ ಕೆಲಸ ಮೊದಲು ಮುಗಿಸಿ, ರೋಗದ ಮರಿ ಕೊನೆಗೆ. ಅದಕ್ಕೆ ಬೇರೆ ಬೂಟು, ಬೇರೆ ಬಕೆಟ್. ಆಗುವುದಾದರೆ ಬೇರೆ ಆಳು.

ರೋಟಾವೈರಸ್ ಲಸಿಕೆ ಬಳಸುವ ದೇಶಗಳಲ್ಲಿ ಗಬ್ಬದ ಕುದುರೆಗೆ 8, 9, 10ನೇ ತಿಂಗಳಲ್ಲಿ ಹಾಕುತ್ತಾರೆ, ರಕ್ಷಣೆ ಗಿಣ್ಣುಹಾಲಿನ ಮೂಲಕ ಮರಿಗೆ ಬರಲಿ ಅಂತ. ಅದೂ ಪೂರ್ತಿ ನೆಚ್ಚುವಂಥದ್ದಲ್ಲ. 2021ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಒಂದು ವಾರವೂ ತುಂಬದ ಮರಿಗಳಿಗೆ ಬಂದ ಭೇದಿ ರೋಟಾವೈರಸ್‌ನ ಬಿ ಗುಂಪಿನದು. ಲಸಿಕೆ ಇದ್ದದ್ದು ಎ ಗುಂಪಿಗೆ.

ಗಿಣ್ಣಿನ ಮಾತು ಬಂತಲ್ಲ. ಕುದುರೆಯ ಗರ್ಭದಲ್ಲಿ ತಾಯಿಯ ರೋಗನಿರೋಧಕ ಅಂಶ ಮರಿಗೆ ದಾಟುವುದೇ ಇಲ್ಲ ಅನ್ನಬಹುದು, ಬರುವುದೆಲ್ಲ ಗಿಣ್ಣಿನಿಂದ. 24 ಗಂಟೆಯೊಳಗೆ ಕರುಳು ಆ ಬಾಗಿಲು ಮುಚ್ಚುತ್ತದೆ. ಒಂದು ಗಂಟೆಯಲ್ಲಿ ಮರಿ ಎದ್ದು ನಿಲ್ಲಬೇಕು, ಎರಡು ಗಂಟೆಯಲ್ಲಿ ಕುಡಿಯಬೇಕು, ಮೂರು ಗಂಟೆಯಲ್ಲಿ ತಾಯಿಯ ಕಸ (ಮಾಸು) ಬೀಳಬೇಕು. ದೊಡ್ಡ ಫಾರ್ಮಿನವರು ಮರಿಯ ರಕ್ತ ಪರೀಕ್ಷಿಸಿ ಐಜಿಜಿ ಎಂಬ ರೋಗನಿರೋಧಕ ಅಂಶ ಡೆಸಿಲೀಟರ್‌ಗೆ 800 ಮಿಲಿಗ್ರಾಂ ದಾಟಿದೆಯಾ ನೋಡುತ್ತಾರೆ, ಕಡಿಮೆಯಿದ್ದರೆ ಪ್ಲಾಸ್ಮಾ (ರಕ್ತದ ದ್ರವಭಾಗ) ಕೊಡಿಸುತ್ತಾರೆ. ಮದುವೆ ಮೆರವಣಿಗೆಗೆ, ಟಾಂಗಾಕ್ಕೆ, ಕುರಿ ಮಂದೆಯ ಹಿಂದೆ ಹೇರು ಹೊರಲು ಕುದುರೆ ಸಾಕುವವರಿಗೆ ಅದೆಲ್ಲಿ ಸಿಗಬೇಕು? ಅವರಿಗೆ ನಾನು ಹೇಳುವುದು ದ್ರಾಕ್ಷಿ ಬೆಳೆಗಾರರ ಹತ್ತಿರ ಇರುವ ಬ್ರಿಕ್ಸ್ ಮೀಟರ್ ಬಗ್ಗೆ. ವಿಜಯಪುರದ ಕಡೆ ಹಣ್ಣಿನ ಸಿಹಿ ನೋಡಲು ಎಷ್ಟೋ ಜನ ಇಟ್ಟುಕೊಂಡಿರುತ್ತಾರೆ. ಮರಿ ಕುಡಿಯುವ ಮೊದಲು ಒಂದು ಹನಿ ಗಿಣ್ಣು ಅದರ ಗಾಜಿನ ಮೇಲೆ ಹಾಕಿ, 23ರ ಮೇಲೆ ತೋರಿಸಿದರೆ ಗಿಣ್ಣು ಚೆನ್ನಾಗಿದೆ ಅಂತ ಲೆಕ್ಕ.

ಇಷ್ಟೆಲ್ಲ ಮಾಡಿಯೂ ಭೇದಿ ಬಂದರೆ ಫೋನ್ ಮಾಡಿ, ಬೇಡ ಅನ್ನುವುದಿಲ್ಲ. ಮಾಡುವ ಮೊದಲು ಜ್ವರ ನೋಡಿರಿ, ಕೆಚ್ಚಲು ಮುಟ್ಟಿ ನೋಡಿರಿ, ಹುಟ್ಟಿದ ತಾರೀಖು ಬಾಯಲ್ಲಿರಲಿ. ವಾಟ್ಸಾಪ್‌ನಲ್ಲಿ ಲದ್ದಿಯ ಫೋಟೊ ಹತ್ತು ಕಳಿಸುವುದಕ್ಕಿಂತ, ಮಲಗಿದ ಮರಿಯನ್ನು ಎಬ್ಬಿಸಿದಾಗ ಅದು ನೆಟ್ಟಗೆ ತಾಯಿಯ ಕೆಚ್ಚಲಿಗೆ ಹೋಗುತ್ತದೋ ಇಲ್ಲವೋ ಕಾಣುವ ಹಾಗೆ ಒಂದು ನಿಮಿಷದ ವಿಡಿಯೊ ಕಳಿಸಿ. ಅದು ನೋಡಿದರೆ ನಾನು ಈಗಲೇ ಹೊರಡಬೇಕೋ ಬೆಳಿಗ್ಗೆ ಬಂದರೆ ಸಾಕೋ ಗೊತ್ತಾಗುತ್ತದೆ.