ಬೆಲ್ಟ್ ಇರುವುದು ಅಲಂಕಾರಕ್ಕಲ್ಲ

ಚಾರಣಕ್ಕೆ ಹೊರಡುವವರಿಗೆ ಸಲಹೆ ಕೊಟ್ಟ ನಿಮ್ಮ ಲೇಖನದಲ್ಲಿ, ಬ್ಯಾಗಿನ ತೂಕ ಮೈತೂಕದ ಶೇ. 20 ದಾಟಬಾರದು ಅಂತ ಬರೆದಿದ್ದೀರಿ. ಒಪ್ಪಿದೆ. ಆದರೆ ನೀರನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಅಲ್ವಾ? 1 ಲೀಟರ್ ಅಂದರೆ 1 ಕೆಜಿ. 3 ಲೀಟರ್ ತುಂಬಿಸಿದರೆ ನಿಮ್ಮ ಲೆಕ್ಕ ಅಲ್ಲಿಗೇ ತಪ್ಪಿತು.

ಅದಕ್ಕಿಂತ ಜಾಸ್ತಿ ಮುಖ್ಯ, ಆ ಭಾರವನ್ನು ಎಲ್ಲಿ ಹೊರುತ್ತೇವೆ ಅನ್ನೋದು. ಮೊದಲ ಸಲ ಚಾರಣಕ್ಕೆ ಹೋದಾಗ ಬ್ಯಾಗಿಗೆ ಇರುವ ಸೊಂಟದ ಬೆಲ್ಟ್ ಸುಮ್ನೆ ಅಲಂಕಾರಕ್ಕೆ ಅಂದುಕೊಂಡು ಅದನ್ನು ಹಿಂದಕ್ಕೆ ಕಟ್ಟಿಬಿಟ್ಟಿದ್ದೆ. ಸಂಜೆ ಟೆಂಟ್ ಹಾಕುವಾಗ ಕೈ ಮೇಲೆತ್ತಲು ಆಗಲಿಲ್ಲ. ಎರಡೂ ಭುಜದ ಮೇಲೆ ಪಟ್ಟಿಯ ಅಚ್ಚು ಕೆಂಪಗೆ ಮೂಡಿತ್ತು. ಆ ಬೆಲ್ಟನ್ನು ಸೊಂಟದ ಮೂಳೆಯ ಮೇಲೆ ಕೂರುವಂತೆ ಬಿಗಿದರೆ ಹೆಚ್ಚಿನ ಭಾರ ಭುಜ ಬಿಟ್ಟು ಕಾಲಿಗೆ ಇಳಿಯುತ್ತದೆ. ತೂಕದ ಸಾಮಾನು ಬೆನ್ನಿಗೆ ಒತ್ತಿಕೊಂಡಿರಲಿ, ಸ್ಲೀಪಿಂಗ್ ಬ್ಯಾಗ್ ತಳದಲ್ಲಿರಲಿ.

ಹತ್ತಿಯ ಕಾಲುಚೀಲ ಬೇಡ ಅಂದಿದ್ದು ನೂರಕ್ಕೆ ನೂರು ನಿಜ. ಒದ್ದೆಯಾದರೆ ಬೇಗ ಒಣಗುವುದೇ ಇಲ್ಲ, ಗುಳ್ಳೆ ಗ್ಯಾರಂಟಿ. ಹಿಮ್ಮಡಿ ಸ್ವಲ್ಪ ಉರಿದರೂ ಅಲ್ಲೇ ನಿಂತು ಟೇಪ್ ಅಂಟಿಸಿ. ‘ಮುಂದಿನ ತಿರುವಿನಲ್ಲಿ ನೋಡೋಣ’ ಅಂದುಕೊಂಡು ನಡೆದು, ಮರುದಿನ ಇಡೀ ಬೆಟ್ಟ ಕುಂಟುತ್ತಾ ಇಳಿದವನು ನಾನು!